ಹಲರು ಆಳಿದ ಬಂದರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ಮೊದಲಿಗೆ ನಾನೂ ಪ್ರಾರ್ಥನೆಯ ಗಂಟೆ, ಗುರುಗಳ ಬೆತ್ತ, ಮಳೆಗಾಲದಲ್ಲಿ ಸೋರುತ್ತಿದ್ದ ಹಂಚು, ಇವನ್ನೇ ಬರೆಯೋಣವೆಂದು ಕುಳಿತೆ. ಅವನ್ನೆಲ್ಲ ನನಗಿಂತ ಚೆನ್ನಾಗಿ ಬರೆಯುವ ಹಳೆಯ ವಿದ್ಯಾರ್ಥಿಗಳು ಈ ಸಂಚಿಕೆಯಲ್ಲಿ ಬಹಳ ಮಂದಿ ಇದ್ದಾರೆ. ನಾನು ಈ ಶಾಲೆಯಲ್ಲಿ ಕಲಿತು, ಮುಂದೆ ಸಮಾಜ ವಿಜ್ಞಾನದ ಮಾಸ್ತರನಾಗಿ, ಸೇವೆಯ ಮೊದಲ ಏಳೆಂಟು ವರ್ಷಗಳನ್ನು ಕುಂದಾಪುರ ಸೀಮೆಯಲ್ಲಿ ಕಳೆದವನು. ಅಲ್ಲಿ ಕಂಡ ಒಂದು ಊರಿನ ಕಥೆಯನ್ನು ನಮ್ಮೂರಿನವರಿಗೆ ಹೇಳಬೇಕೆಂಬ ಆಸೆ ಬಹಳ ದಿನದಿಂದ ಇತ್ತು. ಈ ಸಂಚಿಕೆ ಅದಕ್ಕೆ ನೆಪವಾಗಿದೆ.

ಯಮಕನಮರಡಿಯಲ್ಲಿ ಹುಟ್ಟಿದವರಿಗೆ ಸಮುದ್ರವೆಂದರೆ ಶೈಕ್ಷಣಿಕ ಪ್ರವಾಸದಲ್ಲಿ ಒಮ್ಮೆ ನೋಡಿ ಬರುವ ವಸ್ತು. ನಮಗೆ ನೀರೆಂದರೆ ಘಟಪ್ರಭೆ, ಹಿರಣ್ಯಕೇಶಿ, ಹೆಚ್ಚೆಂದರೆ ಹಿಡಕಲ್ ಜಲಾಶಯ. ಹಾಗಾಗಿ ನೇಮಕಾತಿ ಆದೇಶ ಕೈಗೆ ಬಂದಾಗ ಮನೆಯಲ್ಲಿ ನಮ್ಮವ್ವ ಅತ್ತದ್ದುಂಟು. ಅಲ್ಲಿಯ ಕನ್ನಡ ನನಗೆ ತಿಳಿಯಲು ಮೂರು ತಿಂಗಳು ಹಿಡಿಯಿತು. ನನ್ನ ಕನ್ನಡ ಅಲ್ಲಿಯ ಮಕ್ಕಳಿಗೆ ತಿಳಿಯಲು ಆರು ತಿಂಗಳು. ನಾನು 'ಯಾಕಲೇ, ಎಲ್ಲಿ ಹ್ವಾದಿ' ಎಂದರೆ ಇಡೀ ತರಗತಿ ನಗುತ್ತಿತ್ತು.

ಕುಂದಾಪುರದಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ, ವಾರಾಹಿ ಹೊಳೆಯ ದಡದಲ್ಲಿ ಬಸರೂರು ಎಂಬ ಊರಿದೆ. ಈಗ ನೋಡಿದರೆ ತೆಂಗು, ಗದ್ದೆ, ಹಂಚಿನ ಮನೆ, ನಾಲ್ಕು ಅಂಗಡಿ, ಒಂದು ಬಸ್ ನಿಲ್ದಾಣ. ಬಂದರು ಎಂದು ಹೇಳುವಂಥದ್ದು ಕಣ್ಣಿಗೆ ಏನೂ ಕಾಣಿಸದು. ಆದರೆ ಅರಬ್ಬರ ಹಡಗುಗಳು ಕುದುರೆ ತಂದು ಅಕ್ಕಿ, ಮೆಣಸು ಒಯ್ಯುತ್ತಿದ್ದ ದೊಡ್ಡ ವ್ಯಾಪಾರ ಕೇಂದ್ರ ಇದೇ. 14ನೇ ಶತಮಾನದಲ್ಲಿ ಈ ಕರಾವಳಿಯನ್ನು ಹಾದುಹೋದ ಇಬ್ನ್ ಬತೂತನ ಪ್ರವಾಸ ಕಥನದಲ್ಲಿ ಇದರ ಹೆಸರಿದೆ. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ ದುವಾರ್ತೆ ಬಾರ್ಬೋಸ, ಇಲ್ಲಿಂದ ಅಕ್ಕಿ ಮಲಬಾರಿಗೆ, ಹೋರ್ಮುಜಿಗೆ, ಏಡನ್ನಿಗೆ ಹೋಗುತ್ತದೆಂದೂ ಮಲಬಾರಿನ ದೋಣಿಗಳು ತೆಂಗಿನಕಾಯಿ, ಎಣ್ಣೆ, ಬೆಲ್ಲ ತರುತ್ತವೆಂದೂ ಬರೆದಿಟ್ಟಿದ್ದಾನೆ. ಪೋರ್ಚುಗೀಸರ ಬಾಯಲ್ಲಿ ಬಸರೂರು 'ಬಾರ್ಸೆಲೋರ್' ಆಯಿತು. ಶಾಸನಗಳಲ್ಲಿ ಅದಕ್ಕೆ ವಸುಪುರ ಎಂಬ ಹೆಸರೂ ಇದೆ.

ಒಂದು ರವಿವಾರ ಎಂಟನೆಯ ತರಗತಿಯ ಹುಡುಗರನ್ನು ಕರೆದುಕೊಂಡು ಅಲ್ಲಿಯ ಮಹಾಲಿಂಗೇಶ್ವರ ದೇವಸ್ಥಾನಕ್ಕೆ ಹೋಗಿದ್ದೆ. ಶಾಸನದ ಕಲ್ಲುಗಳನ್ನು ತೋರಿಸುವುದು ನನ್ನ ಉದ್ದೇಶ. ಪ್ರಸಾದ ತಿನ್ನುವುದು ಅವರ ಉದ್ದೇಶ. ಒಬ್ಬ ಹುಡುಗ ಕಲ್ಲಿನ ಮುಂದೆ ನಿಂತು ಕೇಳಿದ: 'ಸರ್, ಬಸರೂರಿಗೆ ರಾಜ ಯಾರು? ಅರಮನೆ ಎಲ್ಲಿತ್ತು?' ಪಾಠ ಮಾಡಿ ರೂಢಿಯಾದ ಬಾಯಿ ತಕ್ಷಣ 'ವಿಜಯನಗರದವರು' ಎಂದಿತು. ಅವನು ಬಿಡಲಿಲ್ಲ. 'ಅವರು ಹಂಪೆಯಲ್ಲಿದ್ದರಲ್ಲ ಸರ್, ಇಲ್ಲಿ ಯಾರು ಇದ್ದರು?' ಆ ಹೊತ್ತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಹಾರಿಕೆಯ ಮಾತು ಹೇಳಿ ಪ್ರಸಾದಕ್ಕೆ ಕಳಿಸಿದೆ.

ಆಮೇಲೆ ಓದಲು ಕುಳಿತೆ. ಗುರುರಾಜ ಭಟ್ಟರು, ಕೆ. ವಿ. ರಮೇಶ್ ಅವರು ತುಳುನಾಡಿನ ಇತಿಹಾಸ ಬರೆದವರಲ್ಲಿ ದೊಡ್ಡ ಹೆಸರುಗಳು. ಅವರ ಪುಸ್ತಕಗಳನ್ನು ಹಿಡಿದು ತಿಂಗಳುಗಟ್ಟಲೆ ಕುಳಿತ ಮೇಲೆ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿತು. ಬಸರೂರನ್ನು ಆಳುತ್ತಿದ್ದವರು 'ಹಲರು'.

ಹಲರು ಎಂದರೆ ಹಲವರು, ಅಷ್ಟೇ. ಅದು ಒಂದು ಮನೆತನದ ಹೆಸರಲ್ಲ, ಪದವಿಯ ಹೆಸರೂ ಅಲ್ಲ. ಊರು ಕೇರಿಗಳಾಗಿ ಒಡೆದುಕೊಂಡಿತ್ತು. ಬಸರೂರಿನಲ್ಲಿ ಮೂಡುಕೇರಿ ಮತ್ತು ಪಡುಕೇರಿ ಮುಖ್ಯವಾದವು. ಮೂಡು ಎಂದರೆ ಪೂರ್ವ, ಪಡು ಎಂದರೆ ಪಶ್ಚಿಮ. ಮೂಡುಕೇರಿಗೆ ಅದರ ಹಲರು, ಪಡುಕೇರಿಗೆ ಅದರ ಹಲರು. ದಕ್ಷಿಣಕ್ಕೆ ಇರುವ ಬಾರಕೂರಿನಲ್ಲೂ ಇದೇ ಪದ್ಧತಿ. ಅಲ್ಲಿಯ ಮಣಿಗಾರಕೇರಿ, ಚೌಳಿಕೇರಿ, ಕೋಟೆಕೇರಿಗಳ ಹೆಸರು ಇಂದಿಗೂ ಜನರ ಬಾಯಲ್ಲಿವೆ. ದೇವಸ್ಥಾನಕ್ಕೆ ಬಿಟ್ಟ ದತ್ತಿಯನ್ನು ನೋಡಿಕೊಳ್ಳುವುದು, ಬರುವ ಹೋಗುವ ಸರಕಿನ ಮೇಲಿನ ತೆರಿಗೆಯಲ್ಲಿ ಇಂತಿಷ್ಟು ಪಾಲು ಇಂಥ ಧರ್ಮಕ್ಕೆ ಎಂದು ಗೊತ್ತುಮಾಡುವುದು, ಭೂಮಿಯ ಕೊಡುಕೊಳ್ಳುವಿಕೆಗೆ ಸಾಕ್ಷಿ ನಿಲ್ಲುವುದು, ಇವೆಲ್ಲ ಅವರ ಕೆಲಸ. ಹಲರ ಜೊತೆಗೆ ಸೆಟ್ಟಿಕಾರರು ಮತ್ತು ನಖರ ಎಂಬ ವರ್ತಕರ ಸಂಘ. ಹೊರನಾಡಿನಿಂದ, ಬಹುಮಟ್ಟಿಗೆ ಕಡಲಾಚೆಯಿಂದ ಬಂದು ನೆಲೆಸಿದ ವ್ಯಾಪಾರಿಗಳ ಸಂಘಕ್ಕೆ ಕರಾವಳಿಯ ಶಾಸನಗಳಲ್ಲಿ 'ಹಂಜಮಾನ' ಎಂಬ ಹೆಸರು. ಈ ಶಬ್ದ ಓದಿದಾಗ ನಾನು ಒಬ್ಬನೇ ನಕ್ಕೆ. ಬೆಳಗಾವಿಯಲ್ಲಿ ದಿನಾ ಕೇಳುವ 'ಅಂಜುಮನ್' ಅದೇ! ಐದಾರು ನೂರು ವರ್ಷಗಳ ಹಿಂದೆ ಕನ್ನಡದ ಕಲ್ಲಿನ ಮೇಲೆ, ಕನ್ನಡದ ಬಾಯಿಗೆ ತಕ್ಕಂತೆ ತಿರುಗಿ ಅದು ಹಂಜಮಾನವಾಗಿತ್ತು.

ಹಾಗಾದರೆ ರಾಜನಿಗೆ ಇಲ್ಲಿ ಏನೂ ಕೆಲಸವಿರಲಿಲ್ಲವೇ? ಇತ್ತು. ಮೊದಲು ಆಳುಪರು, ಬಾರಕೂರು ಅವರ ರಾಜಧಾನಿಯಾಗಿತ್ತು. 13ನೇ ಶತಮಾನದ ಕೊನೆಯಲ್ಲಿ ಅಲ್ಲಿಂದ ಬಲ್ಲಮಹಾದೇವಿ ಎಂಬ ರಾಣಿಯೇ ಆಳಿದಳು. ಆಮೇಲೆ ಹೊಯ್ಸಳರು, ಆಮೇಲೆ ವಿಜಯನಗರ. ವಿಜಯನಗರದವರು ಈ ಕರಾವಳಿಯನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ವಿಂಗಡಿಸಿ ಒಬ್ಬೊಬ್ಬ ಅಧಿಕಾರಿಯನ್ನು ಕಳಿಸುತ್ತಿದ್ದರು. ಆ ಅಧಿಕಾರಿಗಳ ಹೆಸರು ಶಾಸನದಿಂದ ಶಾಸನಕ್ಕೆ ಬದಲಾಗುತ್ತ ಹೋಗುತ್ತದೆ. ಕೆಲವೇ ವರ್ಷ ಇದ್ದು ಮತ್ತೊಬ್ಬರಿಗೆ ಜಾಗ ಬಿಡುತ್ತಿದ್ದರು. ವರ್ಗಾವಣೆಯ ಕೌನ್ಸೆಲಿಂಗಿಗೆ ಬೆಂಗಳೂರಿಗೆ ಓಡಾಡಿದ ನನ್ನಂಥ ನೌಕರನಿಗೆ ಅದು ಬೇಗ ಅರ್ಥವಾಯಿತು. ಬಂದ ಅಧಿಕಾರಿಗೆ ಊರು ಗೊತ್ತಿಲ್ಲ, ಗೊತ್ತಾಗುವಷ್ಟರಲ್ಲಿ ಹೊರಟಿರುತ್ತಾನೆ. ಊರು ಗೊತ್ತಿರುವವರು, ಎಲ್ಲಿಗೂ ಹೋಗದವರು ಹಲರು. ದತ್ತಿ ಕೊಡುವವನು ರಾಜನ ಅಧಿಕಾರಿಯಾದರೂ ಅದು ಮುಂದಿನ ವರ್ಷವೂ ನಡೆಯಬೇಕಾದರೆ ಹಲರ ಒಪ್ಪಿಗೆ ಬೇಕು. ಆದ್ದರಿಂದಲೇ ಅವರನ್ನು ಕಲ್ಲಿನಲ್ಲಿ ಹೆಸರಿಸುತ್ತಿದ್ದರು, ಒಪ್ಪಂದಕ್ಕೆ ತಪ್ಪಿದವರಿಗೆ ಗೋಹತ್ಯೆಯ ಪಾಪ ತಟ್ಟಲೆಂದು ಕೊನೆಗೆ ಶಾಪವನ್ನೂ ಕೆತ್ತುತ್ತಿದ್ದರು.

ಇಲ್ಲಿ ಒಂದು ಮಾತು ಹೇಳದಿದ್ದರೆ ಮಾಸ್ತರಿಕೆಗೆ ಅನ್ಯಾಯವಾಗುತ್ತದೆ. ಹಲರು ಎಂದೊಡನೆ 'ನೋಡಿರಿ, ನಮ್ಮಲ್ಲಿ ಆಗಲೇ ಪ್ರಜಾಪ್ರಭುತ್ವ ಇತ್ತು' ಎಂದು ಭಾಷಣ ಮಾಡುವವರಿದ್ದಾರೆ. ನಾನೂ ಮಾಡಿದ್ದೇನೆ, ಅಗಸ್ಟ್ ಹದಿನೈದರಂದು. ಆದರೆ ಹಲರು ಎಂದರೆ ಎಲ್ಲರೂ ಅಲ್ಲ. ಹಡಗಿನಿಂದ ಮೂಟೆ ಇಳಿಸಿದವನು, ದೋಣಿಗೆ ಹುಟ್ಟು ಹಾಕಿದವನು, ಭತ್ತ ಕುಟ್ಟಿ ಅಕ್ಕಿ ಮಾಡಿ ಹುಲ್ಲಿನ ಮುಡಿ ಕಟ್ಟಿದ ಹೆಣ್ಣುಮಗಳು, ಇವರನ್ನು ಆ ಸಭೆಗೆ ಯಾರೂ ಕರೆಯಲಿಲ್ಲ. ಬಸರೂರನ್ನು ಬಸರೂರು ಮಾಡಿದ್ದು ಆ ಅಕ್ಕಿ. ಸಭೆ ಮಾತ್ರ ಉಳ್ಳವರದ್ದು. ರಾಣಿಯೊಬ್ಬಳು ಬಾರಕೂರಿನ ಸಿಂಹಾಸನದಲ್ಲಿ ಕೂರಬಹುದಿತ್ತು; ಕೇರಿಯ ಕಟ್ಟೆಯಲ್ಲಿ ಮುಡಿ ಕಟ್ಟುವವಳು ಕೂರುವಂತಿರಲಿಲ್ಲ.

ಈ ಸಂಘಗಳೆಲ್ಲ ಕಡಲ ಬದಿಯವರ ಕಥೆ, ಘಟ್ಟದ ಮೇಲಿನ ನಮಗೇನು ಎಂದು ಕೇಳಬೇಡಿ. ಬೆಳಗಾವಿಯ ಹಳೆಯ ಹೆಸರು ವೇಣುಗ್ರಾಮ. ಅಲ್ಲಿ ರಟ್ಟರ ದೊರೆ ನಾಲ್ವಡಿ ಕಾರ್ತವೀರ್ಯನ ಕಾಲದಲ್ಲಿ, 1204ರಲ್ಲಿ ಕೆತ್ತಿಸಿದ ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಬಸದಿಗೆ ತಮ್ಮ ಸರಕಿನ ಮೇಲೆ ಇಂತಿಷ್ಟು ಕೊಡುವೆವೆಂದು ಒಪ್ಪಿಕೊಂಡ ವ್ಯಾಪಾರಿಗಳ ಕೂಟ ಅಲ್ಲಿ ಕಾಣುತ್ತದೆ. ಊರಿನ ಸೆಟ್ಟಿಗಳು ಇದ್ದಾರೆ, ಗುಜರಾತಿನ ಕಡೆಯ ಲಾಳರು ಇದ್ದಾರೆ, ಮಲೆಯಾಳದವರೂ ಇದ್ದಾರೆ. ಮಲೆಯಾಳದವನು ಬೆಳಗಾವಿಗೆ ಬಂದನೆಂದರೆ ಕಡಲ ತೀರದ ಸರಕು ಘಟ್ಟ ಹತ್ತಿ ಬರುತ್ತಿತ್ತೆಂದೇ ಅರ್ಥ. ಐಹೊಳೆಯ ಐನೂರ್ವರ ಹೆಸರು ಎಲ್ಲರಿಗೂ ಗೊತ್ತು; ಅವರೂ ಇಂಥದ್ದೇ ಕೂಟದವರು. ಬಸರೂರಿನ ಹಲರೂ ಬೆಳಗಾವಿಯ ಆ ವ್ಯಾಪಾರಿಗಳೂ ದಾಯಾದಿಗಳಿದ್ದಂತೆ.

ಬಸರೂರಿನ ಸ್ವಂತ ಆಳ್ವಿಕೆ ಹೇಗೆ ಮುಗಿಯಿತು ಎಂಬುದು ಒಂದೇ ದಿನದ ಕಥೆಯಲ್ಲ. ಪೋರ್ಚುಗೀಸರು ಮೊದಲು ವರ್ಷಕ್ಕಿಷ್ಟು ಅಕ್ಕಿ ಕಪ್ಪವಾಗಿ ಕೇಳಿದರು. ಹಲರು ಲೆಕ್ಕ ಹಾಕಿದರು, ಕೊಟ್ಟರು. ವ್ಯಾಪಾರಿಗೆ ಯುದ್ಧಕ್ಕಿಂತ ಕಪ್ಪ ಅಗ್ಗ. 1565ರಲ್ಲಿ ವಿಜಯನಗರ ಬಿದ್ದಿತು. ನಾಲ್ಕೇ ವರ್ಷಕ್ಕೆ, 1569ರಲ್ಲಿ, ಗೋವೆಯ ವೈಸರಾಯ್ ಲೂಯಿಸ್ ದೆ ಅತೈದೆ ಹಡಗುಗಳೊಂದಿಗೆ ಬಂದು ಹೊನ್ನಾವರ ಮತ್ತು ಬಸರೂರನ್ನು ಹಿಡಿದ. ಪೋರ್ಚುಗೀಸರ ಕೋಟೆ ಎದ್ದದ್ದು ಹೊಳೆಯ ಕೆಳಗೆ, ಕಡಲಿಗೆ ಹತ್ತಿರವಾದ ಕಡೆ. ಅದು ಕೆಳ ಬಸರೂರು. ಸೆಟ್ಟಿಗಳ ಊರು ಮೇಲೆ, ಒಳಗೆ, ಮೊದಲಿದ್ದಲ್ಲೇ ಉಳಿಯಿತು. ಅರಸನಿಲ್ಲದೆ ತಮ್ಮಷ್ಟಕ್ಕೆ ತಾವೇ ಆಳಿಕೊಳ್ಳುವ ವರ್ತಕರ ಊರು ಎಂದು ಪೋರ್ಚುಗೀಸ್ ಬರಹಗಾರರು ಅದನ್ನು ಬಣ್ಣಿಸಿದ್ದಾರೆ. ಆದರೆ ಹೊಳೆಯ ಬಾಯಲ್ಲಿ ಕೋಟೆ ಕಟ್ಟಿ ಕುಳಿತವನ ಅಪ್ಪಣೆಯಿಲ್ಲದೆ ಹಡಗು ಹೊರಗೆ ಹೋಗದು. ಮೇಲಿನ ಊರಿನವರು ಸಭೆ ಸೇರಿ ಏನು ತೀರ್ಮಾನಿಸಿದರೂ ಬೀಗದ ಕೈ ಕೆಳಗಿತ್ತು.

1650ರ ದಶಕದ ಆರಂಭದಲ್ಲಿ ಕೆಳದಿಯ ಶಿವಪ್ಪ ನಾಯಕ ಹೊನ್ನಾವರದಿಂದ ಮಂಗಳೂರಿನವರೆಗೆ ಪೋರ್ಚುಗೀಸರ ಕೋಟೆಗಳನ್ನು ಕಿತ್ತುಕೊಂಡ, ಬಸರೂರಿನದೂ ಹೋಯಿತು. ಕನ್ನಡದ ದೊರೆಯೇ ಬಂದ ಎಂದು ಸಂತೋಷಪಡಬೇಕು, ನಿಜ. ಆದರೆ ಕೆಳದಿಯವರದು ಬಿಗಿಯಾದ ಆಡಳಿತ. ಶಿವಪ್ಪ ನಾಯಕನ ಶಿಸ್ತು ಎಂಬ ಭೂಕಂದಾಯದ ಪದ್ಧತಿ ಗಾದೆಯಷ್ಟು ಪ್ರಸಿದ್ಧ. ಅಳತೆ, ಲೆಕ್ಕ, ಅದನ್ನು ನೋಡಿಕೊಳ್ಳಲು ಅಧಿಕಾರಿ ಎಂಬ ವ್ಯವಸ್ಥೆ ಬಂದ ಮೇಲೆ ಕೇರಿಯ ಹಲರಿಗೆ ಉಳಿಯುವ ಕೆಲಸ ಕಡಿಮೆಯೇ.

ಆಮೇಲೆ 1665ರ ಫೆಬ್ರುವರಿ. ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಕ್ಕೇರಿ ತಾಲೂಕಿನ ವಲ್ಲಭಗಡದ ನೆರಳಿನಲ್ಲಿ ಬೆಳೆದವರಿಗೆ ಶಿವಾಜಿ ಮಹಾರಾಜರ ದಂಡಯಾತ್ರೆಗಳು ಅಜ್ಜಿಯ ಕಥೆಗಳೇ. ಆದರೆ ಅವರು ಕಡಲ ಮೇಲೆ ದಂಡೆತ್ತಿ ಹೋದ ಊರು ಬಸರೂರು ಎಂಬುದು ನನಗೆ ಮೂವತ್ತು ವರ್ಷವಾಗುವವರೆಗೆ ಗೊತ್ತಿರಲಿಲ್ಲ. ಸಣ್ಣ ಹಡಗು 85, ದೊಡ್ಡವು 3 ಎಂದು ಕಾರವಾರದಲ್ಲಿದ್ದ ಇಂಗ್ಲಿಷ್ ವ್ಯಾಪಾರಿಗಳ ಪತ್ರಗಳಲ್ಲಿದೆ. ಬಸರೂರಿನ ಸಂಪತ್ತು ಹಡಗು ಹತ್ತಿತು. ಹಿಂದಿರುಗುವಾಗ ಮಹಾರಾಜರು ಗೋಕರ್ಣದಲ್ಲಿ ದರ್ಶನ ಮಾಡಿದರು. ಕಾರವಾರದವರೂ ಹಣ ತೆತ್ತರು, ಅದರಲ್ಲಿ ಇಂಗ್ಲಿಷರ ಪಾಲು 112 ಪೌಂಡ್. ಒಂದೇ ಘಟನೆ ಇಲ್ಲಿ ಪರಾಕ್ರಮದ ಕಥೆ, ಅಲ್ಲಿ ಲೂಟಿಯ ಕಥೆ. ಎರಡೂ ಊರಿನ ಅನ್ನ ತಿಂದ ನಾನು ತರಗತಿಯಲ್ಲಿ ಎರಡನ್ನೂ ಹೇಳುತ್ತಿದ್ದೆ.

ಹೈದರ, ಟಿಪ್ಪುವಿನ ಕಾಲ ದಾಟಿ 1799ರಲ್ಲಿ ಕೆನರಾ ಜಿಲ್ಲೆ ಕಂಪನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಶ್ಯಾನುಭೋಗರ ಮನೆಗಳಲ್ಲಿದ್ದ ಕಪ್ಪು ಕಡತಗಳನ್ನು ಹೊರತೆಗೆಸಿ ಹಿಂದಿನ ಕಂದಾಯವೆಷ್ಟೆಂದು ಹುಡುಕಿದವನು ಅವನು. ಅವನಿಗೆ ಬೇಕಾದದ್ದು ಕಂದಾಯದ ಅಂಕಿ. ಇತ್ತ ವ್ಯಾಪಾರವೆಲ್ಲ ಕಡಲಿಗೆ ಹತ್ತಿರದ ಕುಂದಾಪುರ, ಗಂಗೊಳ್ಳಿಗಳಿಗೆ ಇಳಿದುಹೋಗಿತ್ತು. ತಾಲೂಕು ಕಚೇರಿ ಕುಂದಾಪುರದಲ್ಲಿ. 1862ರಲ್ಲಿ ಉತ್ತರ ಕೆನರಾ ಮುಂಬಯಿ ಇಲಾಖೆಗೆ ಸೇರಿದಾಗ ಕುಂದಾಪುರ ಸೀಮೆ ಮದ್ರಾಸಿನಲ್ಲೇ ಉಳಿಯಿತು. ಹೀಗೆ ಯಮಕನಮರಡಿಯ ಅರ್ಜಿ ಮುಂಬಯಿಗೆ, ಬಸರೂರಿನ ಅರ್ಜಿ ಮದ್ರಾಸಿಗೆ. 1882ರಲ್ಲಿ ಲಾರ್ಡ್ ರಿಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಡಿಸಿದ. ಎರಡು ವರ್ಷದ ಮೇಲೆ ಎರಡೂ ಇಲಾಖೆಗಳಲ್ಲಿ ಲೋಕಲ್ ಬೋರ್ಡಿನ ಕಾಯದೆ ಬಂದವು, 1920ರಲ್ಲಿ ಗ್ರಾಮ ಪಂಚಾಯಿತಿಯ ಕಾಯದೆಗಳು. ನಮ್ಮ ಹಿರಿಯರು ಶಾಲೆಯನ್ನು 'ಬೋರ್ಡಿನ ಸಾಲಿ' ಎನ್ನುತ್ತಿದ್ದುದು ಆ ಕಾಲದ ಉಳಿಕೆ. 1956ರ ನವೆಂಬರ್ 1ರಂದು ಎರಡೂ ಊರು ಒಂದೇ ರಾಜ್ಯಕ್ಕೆ ಬಂದವು. ಮುಂದೆ 1959ರ ಕಾಯದೆ. ಅದಾದ ಮೇಲೆ 1983ರ ಕಾಯದೆ, ನಜೀರ್ ಸಾಬರ ಹೆಸರಿನೊಂದಿಗೆ ನೆನಪಾಗುವ ಮಂಡಲ ಪಂಚಾಯಿತಿಗಳದು. ಹೆಣ್ಣುಮಕ್ಕಳಿಗೆ ನಾಲ್ಕರಲ್ಲಿ ಒಂದು ಸ್ಥಾನ ಮೀಸಲಾದದ್ದು ಆಗ. ಈಗ ನಡೆಯುತ್ತಿರುವುದು 1993ರ ಪಂಚಾಯತ್ ರಾಜ್ ಕಾಯದೆ. 2010ರ ತಿದ್ದುಪಡಿಯಲ್ಲಿ ಮೀಸಲು ಅರ್ಧಕ್ಕೆ ಏರಿತು. ಹಲರ ಬಸರೂರು ಇಂದು ಒಂದು ಗ್ರಾಮ ಪಂಚಾಯಿತಿ.

ಮುಡಿ ಕಟ್ಟಿದವಳ ಮೊಮ್ಮಗಳ ಮೊಮ್ಮಗಳಿಗೆ ಕೊನೆಗೂ ಕುರ್ಚಿ ಸಿಕ್ಕಿತು ಎಂದು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನ್ನದೊಂದು ತಪ್ಪೊಪ್ಪಿಗೆ ಬಾಕಿ ಇದೆ.

ನಾನು ಕೆಲಸ ಮಾಡಿದ ಊರುಗಳಲ್ಲಿ ಒಂದು, ಹೆಸರು ಬೇಡ. ಅಲ್ಲಿಯ ಗ್ರಾಮ ಸಭೆಗೆ ನನ್ನನ್ನು ನೋಡಲ್ ಅಧಿಕಾರಿಯಾಗಿ ಹಾಕಿದ್ದರು. ಗ್ರಾಮ ಸಭೆಗೆ ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಬರಬೇಕೆಂದು ಕಾಯದೆ. ಬೆಳಿಗ್ಗೆ ಹನ್ನೊಂದಕ್ಕೆ ಕರೆದ ಸಭೆಗೆ ಹನ್ನೆರಡೂವರೆಗೆ ಬಂದವರು ಇಪ್ಪತ್ತೇಳು ಮಂದಿ, ನಾನು ಎಣಿಸಿದ್ದೆ. ಚಹಾ ಆಯಿತು. ಫಲಾನುಭವಿಗಳ ಪಟ್ಟಿ ಓದಿದರು, ಚಪ್ಪಾಳೆ ಬಿತ್ತು. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಮುದುಕಿ ಎದ್ದು, ತನ್ನ ಮನೆಯ ಹೆಸರು ಹೋದ ವರ್ಷದ ಪಟ್ಟಿಯಲ್ಲೂ ಇತ್ತಲ್ಲ, ಎಲ್ಲಿ ಹೋಯಿತು ಎಂದಳು. 'ಆಮೇಲೆ ನೋಡೋಣ ಅಜ್ಜಿ' ಎಂದು ಕೂರಿಸಿದರು. ಸಂಜೆ ರಿಜಿಸ್ಟರು ನನ್ನ ಮುಂದೆ ಬಂದಾಗ ಅದರಲ್ಲಿ ನೂರಾ ಹನ್ನೆರಡು ಸಹಿ, ಹೆಬ್ಬೆಟ್ಟುಗಳಿದ್ದವು. ಮನೆ ಮನೆಗೆ ಹೋಗಿ ಹಾಕಿಸಿಕೊಂಡು ಬಂದಿದ್ದರು. 'ಎಲ್ಲಾ ಕಡೆ ಹೀಂಗ ಸರ' ಎಂದರು. ನಾನು ಪೆನ್ನು ತೆಗೆದು ಕೆಳಗೆ ಸಹಿ ಹಾಕಿದೆ. ಹತ್ತೂವರೆಯ ಬಸ್ಸಿಗೆ ಬಂದಿದ್ದೆ, ಐದೂವರೆಯ ಬಸ್ಸು ಹಿಡಿಯಬೇಕಿತ್ತು.

ಆ ರಾತ್ರಿ ಬಸರೂರಿನ ಕಲ್ಲು ನೆನಪಾಯಿತು. ಹಲರು ಸ್ವಾರ್ಥಿಗಳಿರಬಹುದು, ತಮ್ಮ ಕೇರಿಯ ಹೊರಗಿನವರನ್ನು ಮನುಷ್ಯರೆಂದು ಎಣಿಸಿರಲಿಕ್ಕಿಲ್ಲ. ಆದರೆ ಕಲ್ಲಿನಲ್ಲಿ ಒಪ್ಪಿಗೆ ಕೊಟ್ಟವನ ಹೆಸರು ಬಿದ್ದರೆ ಊರಿಗೆಲ್ಲ ಕಾಣುತ್ತಿತ್ತು; ಮಾತಿಗೆ ತಪ್ಪಿದರೆ ಅದೇ ಅಂಗಳದಲ್ಲಿ ದಿನಾ ಮುಖ ತೋರಿಸಬೇಕಿತ್ತು. ನಮ್ಮ ಸಭೆಯ ಬಾಗಿಲು ಮುದುಕಿಗೂ ತೆರೆದಿದೆ. ಅದು ಸಣ್ಣ ಸಂಗತಿಯಲ್ಲ, ಸಾವಿರ ವರ್ಷದಲ್ಲಿ ಮೊದಲ ಸಲ ತೆರೆದದ್ದು. ಆ ತೆರೆದ ಬಾಗಿಲಿನ ಸಭೆಯಲ್ಲಿ ಇಪ್ಪತ್ತೇಳನ್ನು ನೂರಾ ಹನ್ನೆರಡು ಎಂದು ಬರೆದದ್ದು, ಮುದುಕಿಯ ಮಾತನ್ನು ನಡಾವಳಿಯಲ್ಲಿ ಬರೆಯಿರಿ ಎಂದು ಹೇಳದೆ ಹೋದದ್ದು ನಾನು. ಮಕ್ಕಳಿಗೆ ಪೌರನೀತಿಯ ಪಾಠ ಹೇಳಿ ಸಂಬಳ ತೆಗೆದುಕೊಂಡವನು.

ಜನ ಕೂಡಿ ನಡೆಸುವುದು ನಮ್ಮ ಸೀಮೆಗೆ ಬಾರದ ವಿದ್ಯೆಯೇನಲ್ಲ. ಬೇರೆ ತಾಲೂಕುಗಳಲ್ಲಿ ಕರೆಂಟು ಸರ್ಕಾರದ ಕಂಪನಿಯಿಂದ ಬಂದರೆ, ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಿಂದ ಬರುತ್ತದೆ. ಅದರ ಬಿಲ್ಲಿನ ಬಗ್ಗೆ, ಚುನಾವಣೆಯ ಬಗ್ಗೆ ಜಗಳಾಡದ ಮನೆ ಇಲ್ಲ. ಜಗಳಾಡುತ್ತೇವೆಂದರೆ ಅದು ನಮ್ಮದು ಎಂದು ತಿಳಿದಿದ್ದೇವೆ. ಕುಂದಾಪುರದ ಸ್ನೇಹಿತರಿಗೆ ಇದನ್ನು ಹೇಳಿದಾಗ ಅವರು ನಂಬಲಿಲ್ಲ. 'ಹ್ವಾಯ್, ಕರೆಂಟಿಗೂ ಸೊಸೈಟಿಯಾ?' ಎಂದು ಕೇಳಿದರು.

ಶಬ್ದಗಳ ವಿಷಯ ಇನ್ನೊಂದು. ಕರಾವಳಿಯಲ್ಲಿ ಇಂದಿಗೂ ಊರಿನವರೆಲ್ಲ ಕೂಡಿ ಕರೆದ ಕರೆಯೋಲೆಗೆ 'ಊರ ಹತ್ತು ಸಮಸ್ತರು' ಎಂದು ಸಹಿ ಇರುತ್ತದೆ. ಹಲರು ಅಳಿದರೂ ಅವರ ನೆರಳು ಆ ಮಾತಿನಲ್ಲಿದೆಯೆಂದು ನನ್ನ ಊಹೆ. ನಮ್ಮ ಕಡೆ ಹಿರಿಯರು ಚಾವಡಿಯಲ್ಲಿ ಸೇರಿದರೆ 'ದೈವ ಕೂಡೇತಿ' ಎನ್ನುತ್ತೇವೆ. ಕೂಡಿದ ಜನಕ್ಕೆ ದೈವ ಎಂದು ಹೆಸರಿಟ್ಟ ಸೀಮೆ ನಮ್ಮದು. ಕುಂದಾಪುರದಲ್ಲಿ ಈ ಮಾತು ಹೇಳಿದಾಗ ಅವರು ಭೂತದ ಕೋಲ ಎಂದು ತಿಳಿದಿದ್ದರು.

ನಿವೃತ್ತನಾಗಿ ಊರಿಗೆ ಬಂದ ಮೇಲೆ, ಹೋದ ವರ್ಷ ಪಕ್ಕದ ಹಳ್ಳಿಯೊಂದರಲ್ಲಿ ಕೆರೆಯ ಹೂಳಿನ ವಿಷಯಕ್ಕೆ ದೈವ ಕೂಡಿತ್ತು. ನಮ್ಮ ತಂಗಿಯ ಮನೆ ಅಲ್ಲಿ. 'ನೀವೂ ಬರ್ರಿ ಮಾಸ್ತರ, ಕಲ್ತವ್ರು ಇದ್ರ ಚಲೋ' ಎಂದು ಕರೆದರು. ಹೋದೆ. ರೂಢಿಯಂತೆ ತಲೆ ಎಣಿಸಿದೆ: ಐವತ್ತಮೂರು ಗಂಡಸರು. ತಂಗಿ ಚಾವಡಿಯ ಹೊರಗೆ ಬೇವಿನ ಮರದ ಕೆಳಗೆ ಇನ್ನಿಬ್ಬರ ಜೊತೆ ನಿಂತಿದ್ದಳು. ಅವಳು ಆ ಪಂಚಾಯಿತಿಯ ಚುನಾಯಿತ ಸದಸ್ಯೆ. 'ಒಳಗ ಬಾರವ್ವ' ಎಂದೆ. ಅವಳು ಹಿರಿಯರ ಮುಖ ನೋಡಿದಳು, ಹಿರಿಯರು ನನ್ನ ಮುಖ ನೋಡಿದರು. ನಾನು ಎದ್ದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಅವಳ ಪಕ್ಕ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಮುದುಕ ಒಳಗಿನಿಂದಲೇ ಗೊಣಗಿದ: 'ಎಲ್ಲಾರೂ ಹೊರಗ ನಿಂತ್ರ ಮಾತಾಡೂದು ಯಾರ ಕೂಡ? ಬರ್ರಿ, ಎಲ್ಲಾರೂ ಬರ್ರಿ.' ಕಂಬದ ಹತ್ತಿರ ಕುಳಿತಿದ್ದವರು ಸರಿದು ಜಾಗ ಮಾಡಿದರು.